47ಕ್ಕೆ ಆಸೆ ಬತ್ತಿತು ಅಂದರೆ ಪ್ರೀತಿ ಮುಗಿಯಿತು ಅಂತಲ್ಲ

ನಿಮ್ಮ ಆಸೆ ಬತ್ತಿದ್ದಕ್ಕೆ ಮುಟ್ಟು ನಿಲ್ಲುವ ಹೊತ್ತಿನ ಬದಲಾವಣೆ ಕಾರಣ ಇರಬಹುದು. 47 ವರ್ಷ, ಮುಟ್ಟು ಏರುಪೇರು, ರಾತ್ರಿ ಬೆವರು, ಸೇರುವಾಗ ಉರಿ ಅಂತ ಬರೆದಿದ್ದೀರಿ. ಗಂಡನ ಮೇಲಿನ ಪ್ರೀತಿಯೇ ಸತ್ತಿತಾ ಅಂತ ಕೇಳಿದ್ದೀರಿ. ನನಗೂ ಹಾಗೇ ಅನಿಸಿತ್ತು. ಈಸ್ಟ್ರೊಜೆನ್ ಅನ್ನೋ ಹೆಣ್ಣಿನ ಹಾರ್ಮೋನ್ ಇಳಿದಾಗ ಯೋನಿಯ ಚರ್ಮ ತೆಳುವಾಗಿ ಒಣಗುತ್ತದೆ. ನೋವಾಗುತ್ತದೆ ಅಂತ ಗೊತ್ತಾದ ಮೇಲೆ ಮೈ ತಾನಾಗೇ ಹಿಂದೆ ಸರಿಯುತ್ತದೆ. ನಾವು ಅದನ್ನು ಮನಸ್ಸು ದೂರವಾಯಿತು ಅಂದುಕೊಳ್ಳುತ್ತೇವೆ.

ಮೊದಲು ಹೆಂಗಸರ ಡಾಕ್ಟರ ಹತ್ತಿರ ಹೋಗಿ. ಪರೀಕ್ಷೆ ಆಗದೆ ಇದೇ ಕಾರಣ ಅಂತ ಖಚಿತವಾಗಿ ಹೇಳಲಾಗದು. ಥೈರಾಯ್ಡ್, ಹಿಮೋಗ್ಲೋಬಿನ್, ಸಕ್ಕರೆ ಮೂರನ್ನೂ ನೋಡಿಸಿ. ಖಿನ್ನತೆಯ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ತಿಳಿಸಿ, ಕೆಲವು ಆಸೆಯನ್ನು ತಗ್ಗಿಸುತ್ತವೆ. ನೀವಾಗೇ ನಿಲ್ಲಿಸಬೇಡಿ. ಉರಿಗೆ ಒಳಗೆ ಹಚ್ಚುವ ಈಸ್ಟ್ರೊಜೆನ್ ಕ್ರೀಮ್ ಇದೆ, ಗುಣ ಕಾಣಲು ಕೆಲವು ವಾರ ಬೇಕು. ಸ್ತನ ಕ್ಯಾನ್ಸರ್ ಆಗಿದ್ದರೆ ಮೊದಲೇ ಹೇಳಿ. ಅಲ್ಲಿಯವರೆಗೆ ಮೆಡಿಕಲ್ ಶಾಪಿನಲ್ಲಿ ಸಿಗುವ, ಎಣ್ಣೆ ಇಲ್ಲದ ಜೆಲ್ ಬಳಸಿ. ಕೊಬ್ಬರಿ ಎಣ್ಣೆಯಿಂದ ಕಾಂಡೋಮ್ ಹರಿಯಬಹುದು. ಮುಟ್ಟು ಪೂರ್ತಿ ನಿಲ್ಲುವವರೆಗೆ ಬಸಿರಾಗುವ ಸಾಧ್ಯತೆ ಇದ್ದೇ ಇರುತ್ತದೆ, ಅಲ್ವಾ?

ಆಮೇಲೆ ನಿಮ್ಮವರಿಗೆ ಹೇಳಿ. ಮಲಗುವ ಹೊತ್ತಿನಲ್ಲಿ ಬೇಡ, ಸಂಜೆ ವಾಕಿಂಗ್ ಹೋದಾಗ ಹೇಳಿ. "ನೋವಾಗುತ್ತೆ, ಅದಕ್ಕೇ ಹಿಂಜರಿತೀನಿ. ನೀವು ಬೇಡ ಅಂತಲ್ಲ." ಇಷ್ಟು ಹೇಳೋಕೆ ನನಗೆ ಎಂಟು ತಿಂಗಳು ಹಿಡಿಯಿತು. ನೀವು ಅಷ್ಟು ಕಾಯಬೇಡಿ. ನಾವು ಒಂದು ತಿಂಗಳು ಸೇರುವುದನ್ನೇ ಬಿಟ್ಟೆವು. ಸುಮ್ನೆ ಕೈ ಹಿಡಿದು ಕೂರುವುದು, ತಲೆಗೆ ಎಣ್ಣೆ ತಟ್ಟುವುದು, ಅಷ್ಟೇ. ಹತ್ತಿರವಾದ ಮೇಲೆ ಆಸೆ ನಿಧಾನಕ್ಕೆ ಹಿಂದೆಯೇ ಬಂತು.

ಹಳೆಯ ಮುನಿಸು ಇದ್ದರೆ ಇಷ್ಟು ಸಾಲದೆ ಹೋಗಬಹುದು. ಆಗ ಇಬ್ಬರೂ ಸೇರಿ ಕೌನ್ಸೆಲರ್ ನೋಡಿ. ಬೇರೆಯಾಗುವ ಮಾತನ್ನು ಅಲ್ಲಿಯವರೆಗೆ ಬದಿಗಿಡಿ. ಸೇರಿದ ಮೇಲೆ ರಕ್ತ ಕಂಡರಂತೂ ತಡಮಾಡದೆ ಡಾಕ್ಟರಿಗೆ ತೋರಿಸಿ.