ರೇಸ್ ಕುದುರೆಯ ಬೆಳಗಿನ ತಾಲೀಮಿನ ಸಮಯ ನೋಡಿ ಏನನ್ನು ತಿಳಿಯಬಹುದು?

ನಿಮ್ಮ ಪ್ರಶ್ನೆ ಇಷ್ಟು: ಹಾಸನದಲ್ಲಿರುವ ನಿಮ್ಮ ಚಿಕ್ಕಪ್ಪ ಪತ್ರಿಕೆಯ ಕ್ರೀಡಾಪುಟದಲ್ಲಿ ಬರುವ ‘ಟ್ರ್ಯಾಕ್ ವರ್ಕ್’ ಪಟ್ಟಿಯನ್ನು, ಅಂದರೆ ರೇಸ್ ಕುದುರೆಗಳ ಬೆಳಗಿನ ತಾಲೀಮಿನ ಸಮಯಗಳನ್ನು, ಪೆನ್ನು ಹಿಡಿದು ಓದುತ್ತಾರೆ. ‘1000 ಮೀ. 1-08, 600/40’ ಎಂಬಂಥ ಸಾಲುಗಳ ಅರ್ಥವೇನು, ಕಡಿಮೆ ಸಮಯದ ಕುದುರೆಯೇ ಗೆಲ್ಲುತ್ತದೆ ಎಂಬ ಅವರ ವಾದ ಸರಿಯೇ ಎಂದು ಕೇಳಿದ್ದೀರಿ. ನಾನು ಹಾಸನದ ಪಶುವೈದ್ಯಕೀಯ ಕಾಲೇಜಿನಲ್ಲಿ ಓದಿದವನು. ಈಗ ಇದೇ ಜಿಲ್ಲೆಯಲ್ಲಿ ದಿನವಿಡೀ ಹಸು, ಎಮ್ಮೆಗಳ ನಡುವೆ ಇದ್ದೇನೆ. ಅದಕ್ಕೂ ಮೊದಲು ಕೆಲವು ಕಾಲ ಮೈಸೂರಿನಲ್ಲಿ ರೇಸ್ ಕುದುರೆಗಳ ಆರೈಕೆಯಲ್ಲಿದ್ದೆ. ಚಿಕ್ಕಪ್ಪನ ವಾದ ಸರಿಯಲ್ಲ. ಆದರೆ ಆ ಪಟ್ಟಿಯನ್ನು ಓದುವುದು ದಂಡವೂ ಅಲ್ಲ.

ಮೊದಲು ಲೆಕ್ಕ. ‘1-08’ ಎಂದರೆ ಸಾವಿರ ಮೀಟರ್ ಓಡಲು ಒಂದು ನಿಮಿಷ ಎಂಟು ಸೆಕೆಂಡು. ‘600/40’ ಎಂದರೆ ಅದರಲ್ಲಿ ಕೊನೆಯ 600 ಮೀಟರಿಗೆ 40 ಸೆಕೆಂಡು. ಕಳೆದು ನೋಡಿ, ಮೊದಲ 400 ಮೀಟರಿಗೆ 28 ಸೆಕೆಂಡು ಉಳಿಯಿತು. ಇದನ್ನು 200 ಮೀಟರಿನ ತುಂಡುಗಳಾಗಿ ಒಡೆದುಕೊಳ್ಳಿ. ನಮ್ಮ ಅಜ್ಜಂದಿರು ದಾರಿ ಹೇಳುವಾಗ ಬಳಸುತ್ತಿದ್ದ ಫರ್ಲಾಂಗು ಹೆಚ್ಚು ಕಡಿಮೆ ಇಷ್ಟೇ, 201 ಮೀಟರ್. ಈ ಕುದುರೆ ಮೊದಲು ತುಂಡಿಗೆ 14 ಸೆಕೆಂಡಿನಂತೆ ಓಡಿ, ಆಮೇಲೆ 13.3ಕ್ಕೆ ಬಂದಿದೆ. ಅಂದರೆ ಓಡುತ್ತ ಓಡುತ್ತ ವೇಗ ಹೆಚ್ಚಿಸಿಕೊಂಡಿದೆ. ಅದೇ ಪಟ್ಟಿಯಲ್ಲಿ ಇನ್ನೊಂದು ಕುದುರೆ ‘1-06, 600/42’ ಎಂದಿದೆ ಅಂದುಕೊಳ್ಳಿ. ಒಟ್ಟು ಸಮಯದಲ್ಲಿ ಇದು ಎರಡು ಸೆಕೆಂಡು ಮುಂದೆ. ಚಿಕ್ಕಪ್ಪನ ಪೆನ್ನು ಇದಕ್ಕೇ ಸುತ್ತು ಹಾಕುತ್ತದೆ. ಒಡೆದು ನೋಡಿದರೆ ಮೊದಲ ಎರಡು ತುಂಡು 12 ಸೆಕೆಂಡಿನಂತೆ ಹಾರಿ, ಉಳಿದ ಮೂರು 14ಕ್ಕೆ ಇಳಿದಿವೆ. ನಾನಾದರೆ ಮೊದಲನೆಯದಕ್ಕೆ ಗುರುತು ಹಾಕುತ್ತೇನೆ.

ಕೊನೆಗೆ ವೇಗ ಉಳಿಸಿಕೊಳ್ಳುವುದು ಎಷ್ಟು ದೊಡ್ಡ ಮಾತು ಎಂಬುದಕ್ಕೆ ಅಮೆರಿಕದ ಹೆಸರಾಂತ ರೇಸು, 1973ರ ಕೆಂಟಕಿ ಡರ್ಬಿ ನೋಡಿ. ಸೆಕ್ರೆಟೇರಿಯಟ್ ಎಂಬ ಕುದುರೆ ಒಂದೂಕಾಲು ಮೈಲಿಯನ್ನು ಕಾಲು ಮೈಲಿಯ ಐದು ತುಂಡುಗಳಾಗಿ ನೋಡಿದರೆ 25.2, 24, 23.8, 23.4, 23 ಸೆಕೆಂಡುಗಳಲ್ಲಿ ಓಡಿತು. ಪ್ರತಿ ತುಂಡೂ ಹಿಂದಿನದಕ್ಕಿಂತ ವೇಗ. ಸಾಮಾನ್ಯ ಕುದುರೆಗಳು ಇದಕ್ಕೆ ತಿರುಗುಮುರುಗಾಗಿ ಓಡುತ್ತವೆ.

ಆದರೂ ಸುತ್ತು ಹಾಕುವ ಮೊದಲು ಸಾಲಿನ ತುದಿಯಲ್ಲಿರುವ ಎರಡು ಪದಗಳನ್ನು ಓದಿ. ‘ಈಸಿ’ ಎಂದಿದ್ದರೆ ಸವಾರ ಲಗಾಮು ಬಿಗಿಹಿಡಿದು ಕೂತಿದ್ದ. ‘ಪುಶ್ಡ್’ ಎಂದಿದ್ದರೆ ಒತ್ತಿ ಓಡಿಸಿದ. ಒತ್ತಿಸಿಕೊಂಡು ಬಂದ 40 ಸೆಕೆಂಡು, ಸಲೀಸಾಗಿ ಬಂದ 40 ಸೆಕೆಂಡು ಒಂದೇ ಅಲ್ಲ. ಕೊನೆಯಲ್ಲಿ ಸವಾರ ಬೇಕೆಂದೇ ನಿಧಾನಿಸಿದ್ದರೆ ಮೇಲಿನ ನನ್ನ ಲೆಕ್ಕವೂ ತಲೆಕೆಳಗಾಗುತ್ತದೆ. ಸವಾರನ ತೂಕವೂ ಗೊತ್ತಿರುವುದಿಲ್ಲ. ರೇಸಿನಲ್ಲಿ ಜಾಕಿಯನ್ನು ಜೀನಿನ ಸಮೇತ ತೂಗುತ್ತಾರೆ. ಬೆಳಿಗ್ಗೆ ಮೇಲೆ ಕೂತ ರೈಡಿಂಗ್ ಬಾಯ್ ಹಿಂದಿನ ರಾತ್ರಿ ಎಷ್ಟು ಉಂಡಿದ್ದ ಎಂದು ಪತ್ರಿಕೆ ಬರೆಯುವುದಿಲ್ಲ.

ನೆಲವೂ ಅಷ್ಟೇ. ‘ಇನ್ನರ್ ಸ್ಯಾಂಡ್’, ‘ಔಟರ್ ಸ್ಯಾಂಡ್’ ಎಂದು ತಲೆಬರಹ ಕೊಟ್ಟಿರುತ್ತಾರೆ. ಅವು ಬೇರೆ ಬೇರೆ ಮರಳಿನ ಹಾದಿಗಳು, ಒಂದರ ಸಮಯವನ್ನು ಇನ್ನೊಂದರ ಜೊತೆ ಹೋಲಿಸುವಂತಿಲ್ಲ. ರಾತ್ರಿ ಮಳೆ ಬಿದ್ದರೆ ಅದೇ ಹಾದಿಯೂ ಬೇರೆಯಾಗುತ್ತದೆ. ತಿರುವಿನಲ್ಲಿ ಒಂದು ಕುದುರೆ ಒಳಬದಿಯ ಬೇಲಿಯಿಂದ ಇನ್ನೊಂದಕ್ಕಿಂತ ಮೂರು ಮೀಟರ್ ಹೊರಗೆ ಓಡಿದರೆ, ಅರ್ಧವೃತ್ತದ ತಿರುವು ಮುಗಿಯುವುದರೊಳಗೆ ಸುಮಾರು ಒಂಬತ್ತೂವರೆ ಮೀಟರ್ ಹೆಚ್ಚು ಓಡಿರುತ್ತದೆ. ಸೆಕೆಂಡಿಗೆ 15 ಮೀಟರ್ ವೇಗದಲ್ಲಿ ಅದು 0.6 ಸೆಕೆಂಡಿನಷ್ಟಾಯಿತು. ಪಟ್ಟಿಯಲ್ಲಿ ಜನ ಜಗಳವಾಡುವುದು ಅರ್ಧ ಸೆಕೆಂಡಿಗೆ!

ಇನ್ನು ತಾಲೀಮಿನ ಸಮಯವನ್ನು ರೇಸಿನ ಸಮಯದ ಪಕ್ಕ ಇಡುವುದಂತೂ ಬೇಡ. ರೇಸಿನಲ್ಲಿ ಕುದುರೆ ಗೇಟಿನೊಳಗೆ ನಿಂತಲ್ಲಿಂದ ಜಿಗಿಯಬೇಕು. ಬೆಳಿಗ್ಗೆ ಆಗಲೇ ಓಡುತ್ತಿರುವ ಕುದುರೆ ಗುರುತಿನ ಕಂಬ ದಾಟುವಾಗ ಗಡಿಯಾರ ಒತ್ತುತ್ತಾರೆ. 2020ರಲ್ಲಿ ಕಂಬಳದ ಶ್ರೀನಿವಾಸ ಗೌಡರು 142.5 ಮೀಟರನ್ನು 13.62 ಸೆಕೆಂಡಿನಲ್ಲಿ ಓಡಿದಾಗ, ಅದನ್ನು ಭಾಗಿಸಿ ನೂರು ಮೀಟರಿಗೆ 9.55 ಎಂದು ಲೆಕ್ಕ ಹಾಕಿ, ಉಸೇನ್ ಬೋಲ್ಟ್‌ನ 9.58ರ ಪಕ್ಕ ಇಟ್ಟು ದೇಶವೇ ಕುಣಿಯಿತು. ಗೌಡರ ಓಟ ಅಸಾಧಾರಣವೇ, ಅದರಲ್ಲಿ ಎರಡು ಮಾತಿಲ್ಲ. ಆದರೆ ಒಂದು ಕೋಣಗಳ ಹಿಂದೆ ಕೆಸರಿನ ಗದ್ದೆಯಲ್ಲಿ ಓಡಿದ್ದು, ಇನ್ನೊಂದು ನಿಂತಲ್ಲಿಂದ ಎದ್ದು ಒಬ್ಬನೇ ಟ್ರ್ಯಾಕಿನಲ್ಲಿ ಓಡಿದ್ದು. ಚಿಕ್ಕಪ್ಪ ಮಾಡುತ್ತಿರುವುದೂ ಇದೇ ಭಾಗಾಕಾರ.

ಒಂದೇ ಒಂದು ಬೆಳಗಿನ ವೇಗಕ್ಕೆ ಮರುಳಾದರೆ ಏನಾಗುತ್ತದೆ ಎಂಬುದಕ್ಕೆ ಅಮೆರಿಕದಲ್ಲಿ ದುಬಾರಿ ಉದಾಹರಣೆ ಇದೆ. 2006ರಲ್ಲಿ ಫ್ಲಾರಿಡಾದ ಹರಾಜಿಗೆ ಮುನ್ನ ದಿ ಗ್ರೀನ್ ಮಂಕಿ ಎಂಬ ಎರಡು ವರ್ಷದ ಗಂಡು ಕುದುರೆ ಒಂದು ಫರ್ಲಾಂಗನ್ನು 9.8 ಸೆಕೆಂಡಿನಲ್ಲಿ ಓಡಿ ತೋರಿಸಿತು. ಹರಾಜಿನಲ್ಲಿ ಅದಕ್ಕೆ ಬಿದ್ದ ಬೆಲೆ 1.6 ಕೋಟಿ ಡಾಲರ್. ಮುಂದೆ ಅದು ಓಡಿದ್ದು ಮೂರೇ ರೇಸು, ಗೆದ್ದದ್ದು ಒಂದೂ ಇಲ್ಲ. ಹಾಸನದಿಂದ ಬೆಂಗಳೂರಿಗೆ ಹೋಗುವಾಗ ಕುಣಿಗಲ್ ಸ್ಟಡ್ ಫಾರಂ ಸಿಗುತ್ತದಲ್ಲ, ಟಿಪ್ಪುವಿನ ಅಶ್ವದಳದ ಕಾಲದ ನಂಟು ಇರುವ ಜಾಗ. ಅಂಥ ಕಡೆ ಮರಿಗಳನ್ನು ವಂಶಾವಳಿ, ಮೈಕಟ್ಟು, ಕಾಲುಗಳ ನೇರ ನೋಡಿ ಅಳೆಯುತ್ತಾರೆ. ಅದೂ ಊಹೆಯೇ ಇರಬಹುದು, ಆದರೆ ಹತ್ತು ಸೆಕೆಂಡಿನ ಊಹೆಗಿಂತ ವಾಸಿ.

ಗಡಿಯಾರ ಹೇಳದೆ ಬಿಡುವುದೇನು ಎಂಬುದನ್ನು ವೈದ್ಯನಾಗಿ ಹೇಳಬಲ್ಲೆ. ಓಡಿ ಬಂದ ಕುದುರೆಯನ್ನು ಸೈಸ್ (ಕುದುರೆ ನೋಡಿಕೊಳ್ಳುವ ಆಳು) ನಡೆಸುತ್ತಿರುವಾಗ ಅನುಭವಿ ಟ್ರೇನರ್ ಗಡಿಯಾರವನ್ನು ಜೇಬಿಗೆ ಹಾಕಿ ಕುದುರೆಯ ಪಕ್ಕೆ ನೋಡುತ್ತಾನೆ. ವಿಶ್ರಾಂತಿಯಲ್ಲಿ ನಿಮಿಷಕ್ಕೆ ಮೂವತ್ತು ನಲವತ್ತು ಇರುವ ಹೃದಯಬಡಿತ ಪೂರ್ಣ ವೇಗದಲ್ಲಿ 220 ದಾಟುತ್ತದೆ. ಅದು ಎಷ್ಟು ಬೇಗ ಇಳಿಯಿತು, ಉಸಿರು ಎಷ್ಟು ಬೇಗ ತಹಬಂದಿಗೆ ಬಂತು ಎನ್ನುವುದು ಒಂದು ಸೆಕೆಂಡಿನ ವ್ಯತ್ಯಾಸಕ್ಕಿಂತ ಹೆಚ್ಚು ಹೇಳುತ್ತದೆ. ಸಂಶಯವಿದ್ದರೆ ಓಟ ಮುಗಿದು ಒಂದು ಗಂಟೆಯೊಳಗೆ ಮೂಗಿನ ಹೊಳ್ಳೆಯಿಂದ ಎಂಡೋಸ್ಕೋಪಿನ ನಳಿಕೆ ಇಳಿಸುತ್ತೇವೆ. ಪರದೆಯ ಮೇಲೆ ನಸುಗೆಂಪು ಶ್ವಾಸನಾಳ, ಅದರ ತಳದಲ್ಲಿ ಕೆಲವೊಮ್ಮೆ ದಾರದಂತೆ ಹರಿದ ರಕ್ತ. ಶ್ವಾಸಕೋಶದಲ್ಲಿ ರಕ್ತ ಒಸರಿದೆ ಎಂದರ್ಥ. ಜೋರಾಗಿ ಓಡುವ ಕುದುರೆಗಳಲ್ಲಿ ಇದು ಅಪರೂಪವೇನಲ್ಲ. ಆ ಕುದುರೆಯ ಸಮಯ ಪತ್ರಿಕೆಯಲ್ಲಿ ಚೆನ್ನಾಗಿಯೇ ಅಚ್ಚಾಗಿರುತ್ತದೆ. ಮರುದಿನ ಬೆಳಿಗ್ಗೆ ಇನ್ನೆರಡು ಪರೀಕ್ಷೆ: ಮುಂಗಾಲಿನ ಹಿಂಬದಿಯ ಸ್ನಾಯುರಜ್ಜಿನ ಮೇಲೆ ಕೈಯಾಡಿಸಿದರೆ ಬಿಸಿ ತಾಗುತ್ತದೆಯೇ, ರಾತ್ರಿ ಹಾಕಿದ ಓಟ್ಸ್ ತೊಟ್ಟಿಯಲ್ಲಿ ಉಳಿದಿದೆಯೇ. ಮೇವು ಬಿಟ್ಟ ಕುದುರೆಗೆ ಹಿಂದಿನ ದಿನದ ಓಟ ಭಾರವಾಗಿತ್ತು. ನಮ್ಮ ಹಸುಗಳಿಗೂ ಇದೇ ಮಾತು.

ಹಾಗಾದರೆ ಹೊರಗಿನವರಿಗೆ ಪಟ್ಟಿಯಿಂದ ಏನು ಲಾಭ? ನನ್ನ ಮಟ್ಟಿಗೆ ಅದರ ನಿಜವಾದ ಬೆಲೆ ಇರುವುದು ಹೆಸರು ಬಾರದ ವಾರಗಳಲ್ಲಿ. ವಾರವಾರ ಕಾಣಿಸಿಕೊಳ್ಳುತ್ತಿದ್ದ ಕುದುರೆ ಮೂರು ವಾರ ಕಾಣದೆ, ಆಮೇಲೆ 600 ಮೀಟರನ್ನು 45 ಸೆಕೆಂಡಿನಲ್ಲಿ ಮೆಲ್ಲಗೆ ಓಡಿ ಮರಳಿದರೆ ನಡುವೆ ಕಾಲೋ ಕೆಮ್ಮೋ ಜ್ವರವೋ ಏನೋ ಕಾಡಿರುವ ಸಾಧ್ಯತೆ ಹೆಚ್ಚು. ಅದೇ ಕುದುರೆ ಮುಂದಿನ ಓಟಗಳಲ್ಲಿ ಹಂತ ಹಂತವಾಗಿ ದೂರ ಹೆಚ್ಚಿಸಿಕೊಂಡು, ಕೊನೆಯ 600 ಚುರುಕಾಗುತ್ತ ಬಂದರೆ ಟ್ರೇನರ್ ಅದನ್ನು ಯಾವುದೋ ರೇಸಿಗೆ ಸಜ್ಜು ಮಾಡುತ್ತಿದ್ದಾನೆ. ಹೋಲಿಕೆ ಯಾವಾಗಲೂ ಆ ಕುದುರೆಯ ಹಿಂದಿನ ಓಟದೊಂದಿಗೆ ಇರಬೇಕು. ಬೆಳಿಗ್ಗೆ ಸಿಂಹದಂತಿದ್ದು ರೇಸಿನ ಗದ್ದಲಕ್ಕೆ ಬೆದರುವ ಕುದುರೆಗಳಿವೆ. ಬೆಳಿಗ್ಗೆ ಸೋಮಾರಿಯಾಗಿದ್ದು ಮಧ್ಯಾಹ್ನ ಎದ್ದು ನಿಲ್ಲುವವೂ ಇವೆ.

‘ಇದು ಜೂಜಲ್ಲ, ಕೌಶಲ ಎಂದು ಸುಪ್ರೀಂ ಕೋರ್ಟೇ ಹೇಳಿದೆ’ ಎಂದು ಚಿಕ್ಕಪ್ಪ ಹೇಳುತ್ತಾರೆಂದೂ ಬರೆದಿದ್ದೀರಿ. 1996ರಲ್ಲಿ ಹಾಗೆ ಹೇಳಿರುವುದು ನಿಜ. ಆದರೆ ಬರೀ ಒಟ್ಟು ಸಮಯಕ್ಕೆ ಸುತ್ತು ಹಾಕುವುದನ್ನು ನ್ಯಾಯಾಲಯ ಕೌಶಲವೆಂದು ಎಣಿಸಿರಲಿಕ್ಕಿಲ್ಲ. ಅವರಿಗೊಂದು ನೋಟ್‌ಬುಕ್ ಕೊಡಿಸಿ. ಒಂದು ಕುದುರೆಗೆ ಒಂದು ಪುಟ ಇಟ್ಟು ತಾರೀಖು, ಯಾವ ಹಾದಿ, ಮೊದಲ ಭಾಗ, ಕೊನೆಯ 600, ತುದಿಯ ಆ ಎರಡು ಪದಗಳನ್ನು ಬರೆದಿಡಲಿ. ಎರಡು ತಿಂಗಳ ಮಟ್ಟಿಗೆ ಬರೆಯುವುದಷ್ಟೇ; ಅಲ್ಲಿಯವರೆಗೆ ಹಣ ಕಟ್ಟುವುದು ಬೇಡ.