ಜೋಲಿಯ ಮೇಲೊಂದು ಹಗುರ ಸೂರು

ಪ್ರಶ್ನೆ: ರಜೆಯ ದಿನಗಳಲ್ಲಿ ನಾವು ಮೂವರು ಗೆಳೆಯರು ನಮ್ಮ ಸೊಪ್ಪಿನ ಬೆಟ್ಟದಲ್ಲಿ ಹ್ಯಾಮಕ್, ಎಂದರೆ ಎರಡು ಮರಗಳ ನಡುವೆ ತೂಗುವ ಬಟ್ಟೆಯ ಜೋಲಿ, ಕಟ್ಟಿ ರಾತ್ರಿ ಕಳೆಯುತ್ತೇವೆ. ಮಳೆಗೆಂದು ಒಯ್ಯುವ ನೀಲಿ ಟಾರ್ಪಾಲು ಬಹಳ ಭಾರ. ಮಡಚಿದರೂ ಚೀಲದ ಅರ್ಧ ಜಾಗವನ್ನು ಅದೇ ಹಿಡಿಯುತ್ತದೆ. ಮನೆಯ ಹೊಲಿಗೆ ಯಂತ್ರದಲ್ಲಿ ಹಗುರವಾದುದನ್ನು ಹೊಲಿದುಕೊಳ್ಳಬಹುದೇ? ಬಟ್ಟೆ ಯಾವುದು, ಅಳತೆ ಎಷ್ಟು?
– ಓದುಗರೊಬ್ಬರು, ಶಿರಸಿ

ಉತ್ತರ: ಖಂಡಿತ ಹೊಲಿದುಕೊಳ್ಳಬಹುದು. ನೇರ ಹೊಲಿಗೆ ಹಾಕುವ ಸಾಮಾನ್ಯ ಯಂತ್ರವೇ ಸಾಕು.

ಮೊದಲು ಭಾರದ ಲೆಕ್ಕ ನೋಡೋಣ. ಅಂಗಡಿಯ ಟಾರ್ಪಾಲನ್ನು ಜಿಎಸ್‌ಎಂ ಲೆಕ್ಕದಲ್ಲಿ, ಎಂದರೆ ಒಂದು ಚದರ ಮೀಟರಿಗೆ ಎಷ್ಟು ಗ್ರಾಂ ಎಂದು ಹೇಳಿ ಮಾರುತ್ತಾರೆ. 120 ಜಿಎಸ್‌ಎಂನ ಹತ್ತು ಚದರ ಮೀಟರ್ ಟಾರ್ಪಾಲು 1,200 ಗ್ರಾಂ ತೂಗುತ್ತದೆ. ಸಿಲಿಕೋನ್ ಲೇಪಿಸಿದ ತೆಳು ರಿಪ್‌ಸ್ಟಾಪ್ (ಹರಿದದ್ದು ಮುಂದಕ್ಕೆ ಹಬ್ಬದಂತೆ ನಡುನಡುವೆ ಗಟ್ಟಿ ಎಳೆ ಸೇರಿಸಿ ನೇಯ್ದ) ಬಟ್ಟೆಯಾದರೆ ಚದರ ಮೀಟರಿಗೆ ಸುಮಾರು 45 ಗ್ರಾಂ. ಇದರಲ್ಲಿ ನೈಲಾನ್, ಪಾಲಿಯೆಸ್ಟರ್ ಎಂದು ಎರಡು ಬಗೆ. ನೈಲಾನ್ ನೀರು ಹೀರಿ ಹಿಗ್ಗುವುದರಿಂದ ಸಂಜೆ ಬಿಗಿಯಾಗಿ ಕಟ್ಟಿದ್ದು ನಡುರಾತ್ರಿಗೆ ಜೋತುಬೀಳುತ್ತದೆ. ರಾತ್ರಿಯಿಡೀ ಸುರಿಯುವ ನಿಮ್ಮ ಕಡೆಯ ಮಳೆಗೆ ಪಾಲಿಯೆಸ್ಟರನ್ನೇ ಆರಿಸಿ ಎಂಬುದು ನನ್ನ ಸಲಹೆ.

ಅಳತೆಯನ್ನು ಹ್ಯಾಮಕ್‌ನಿಂದ ಹಿಡಿಯಬೇಕು. 11 ಅಡಿ, ಎಂದರೆ ಸುಮಾರು 3.35 ಮೀಟರ್ ಉದ್ದದ ಜೋಲಿಯನ್ನು ಸರಿಯಾದ ಇಳಿಬಾಗಿನಲ್ಲಿ ಕಟ್ಟಿದಾಗ ಅದರ ಎರಡು ತುದಿಗಳ ನಡುವಿನ ನೇರ ದೂರ ಉದ್ದದ ಶೇ. 83ರಷ್ಟು, ಅಂದರೆ 2.8 ಮೀಟರಿನ ಆಸುಪಾಸು ಬರುತ್ತದೆ. ಟಾರ್ಪಾಲಿನ ನಡುಬೆನ್ನು, ಎಂದರೆ ಎರಡು ಇಳಿಜಾರುಗಳು ಕೂಡುವ ಮೇಲಿನ ಗೆರೆ, 3.35 ಮೀಟರ್ ಇದ್ದರೆ ತಲೆಗೂ ಕಾಲಿಗೂ ಒಂದೊಂದು ಗೇಣಿಗಿಂತ ಹೆಚ್ಚು ಮರೆ ಉಳಿಯುತ್ತದೆ. ಒಂದೂವರೆ ಮೀಟರ್ ಪನ್ನದ ಬಟ್ಟೆಯ ಎರಡು ತುಂಡುಗಳನ್ನು ನಡುಬೆನ್ನಿನಲ್ಲಿ ಕೂಡಿಸಿ, ಕೆಳ ಅಂಚನ್ನು 1.9 ಮೀಟರಿಗೆ ಕಿರಿದಾಗಿಸಿದರೆ ಆರು ಮೂಲೆಯ ಸೂರು ಸಿದ್ಧವಾಗುತ್ತದೆ. ಅದರ ವಿಸ್ತೀರ್ಣ ಏಳೂವರೆ ಚದರ ಮೀಟರ್, ಕುಣಿಕೆಗಳೂ ಸೇರಿ ತೂಕ 400 ಗ್ರಾಂನ ಸುತ್ತಮುತ್ತ.

ಹಗುರ ಟಾರ್ಪಾಲಿನ ಗೆಲುವು ಬಟ್ಟೆಯಲ್ಲಿರುವಷ್ಟೇ ಕತ್ತರಿಸುವ ಗೆರೆಯಲ್ಲೂ ಇದೆ. ಅಂಚುಗಳನ್ನು ನೇರವಾಗಿ ಕತ್ತರಿಸಿದರೆ ಎಷ್ಟೇ ಎಳೆದು ಕಟ್ಟಿದರೂ ನಡುಭಾಗ ಸಡಿಲವೇ ಆಗಿ, ಗಾಳಿಗೆ ಪಟಪಟ ಬಡಿಯುತ್ತದೆ. ಅದಕ್ಕಾಗಿ ಅಂಚುಗಳನ್ನು ಒಳಬಾಗಿಸಿ ಕತ್ತರಿಸಬೇಕು. ಆ ಬಾಗನ್ನು ಗೀಚಲು ಗಣಿತ ಬೇಕಿಲ್ಲ: ಗೋಡೆಗೆ ಒಂದೇ ಮಟ್ಟದಲ್ಲಿ, 3.35 ಮೀಟರ್ ಅಂತರದಲ್ಲಿ ಎರಡು ಮೊಳೆ ಹೊಡೆದು, ನಡುವೆ ಎಂಟು ಸೆಂಟಿಮೀಟರಿನಷ್ಟು ಜೋಲುವಂತೆ ಸಣ್ಣ ಸರಪಳಿಯೊಂದನ್ನು ತೂಗುಹಾಕಿ, ಅದರ ಹಿಂದೆ ಕಾಗದ ಅಂಟಿಸಿ ಸರಪಳಿಯ ಗುಂಟ ಗೆರೆ ಎಳೆದರೆ ಅದೇ ನಡುಬೆನ್ನಿನ ನಮೂನೆ. ಬದಿಯ ಅಂಚುಗಳಿಗೂ ಇದೇ ಕ್ರಮದಲ್ಲಿ ಆರೇಳು ಸೆಂಟಿಮೀಟರಿನ ಬಾಗು ಕೊಡಿ. ಎರಡು ತುಂಡುಗಳನ್ನೂ ಒಂದರ ಮೇಲೊಂದಿಟ್ಟು ಒಟ್ಟಿಗೆ ಕತ್ತರಿಸಿದರೆ ಎಡಬಲ ಸಮನಾಗುತ್ತವೆ.

ಹೊಲಿಯುವಾಗ ನಿಮ್ಮ ತಾಳ್ಮೆಯನ್ನೆಲ್ಲ ನಡುಬೆನ್ನಿಗೆ ಮೀಸಲಿಡಿ. ಸಿಲಿಕೋನ್ ಬಟ್ಟೆ ಯಂತ್ರದ ಮೇಜಿನಿಂದ ಮೀನಿನಂತೆ ಜಾರುತ್ತದೆ. ಒಂದು ಕೈ ಸೂಜಿಯ ಹಿಂದೆ, ಇನ್ನೊಂದು ಮುಂದೆ ಇಟ್ಟು ಹದವಾಗಿ ಬಿಗಿಹಿಡಿದು ಸಾಗಿಸಬೇಕು. ಹೊಸ 11ನೇ ನಂಬರಿನ ಸೂಜಿ, ಪಾಲಿಯೆಸ್ಟರ್ ದಾರ, ಮೂರು ಮಿಲಿಮೀಟರಿನ ಹೊಲಿಗೆ ಸರಿಹೋಗುತ್ತದೆ. ಗುಂಡುಸೂಜಿ ಚುಚ್ಚುವುದಾದರೆ ಹೊಲಿಗೆಯೊಳಗೆ ಮುಚ್ಚಿಹೋಗುವ ಜಾಗದಲ್ಲೇ ಚುಚ್ಚಿ, ಏಕೆಂದರೆ ಉಳಿದ ಪ್ರತಿ ತೂತೂ ಸೋರುತ್ತದೆ. ಜೀನ್ಸ್ ಪ್ಯಾಂಟಿನ ಕಾಲಿನಲ್ಲಿ ಕಾಣುವಂಥ, ಎರಡು ಅಂಚುಗಳೂ ಒಂದರೊಳಗೊಂದು ಮಡಚಿಕೊಂಡ ಜೋಡಿ ಹೊಲಿಗೆಯೇ ಇಲ್ಲಿ ಬೇಕು.

ಇಷ್ಟಾದರೂ ಸೂಜಿತೂತುಗಳಿಂದ ನೀರು ಜಿನುಗುತ್ತದೆ. ನಾನು ಮೊದಲು ಹೊಲಿದ ಟಾರ್ಪಾಲಿಗೆ ಅಂಟು ಬಳಿಯದೆ ಹೋಗಿ, ಇಡೀ ರಾತ್ರಿ ಮೊಣಕಾಲಿನ ಮೇಲೆ ಒಂದೇ ಜಾಗಕ್ಕೆ ಹನಿ ಬೀಳುವುದನ್ನು ಎಣಿಸುತ್ತ ಮಲಗಿದ್ದೆ. ಸಿಲಿಕೋನ್ ಮೇಲೆ ಸಿಲಿಕೋನ್ ಬಿಟ್ಟು ಬೇರಾವುದೂ ಸರಿಯಾಗಿ ಅಂಟುವುದಿಲ್ಲ. ಹಾರ್ಡ್‌ವೇರ್ ಅಂಗಡಿಯ ಅಪ್ಪಟ ಸಿಲಿಕೋನ್ ಸೀಲಂಟನ್ನು ಮಿನರಲ್ ಟರ್ಪೆಂಟೈನ್‌ನಲ್ಲಿ ಕದಡಿ, ನೀರುದೋಸೆ ಹಿಟ್ಟಿನ ಹದಕ್ಕೆ ತಂದು, ಟಾರ್ಪಾಲನ್ನು ಬಿಗಿಯಾಗಿ ಕಟ್ಟಿದ ಸ್ಥಿತಿಯಲ್ಲೇ ಹೊಲಿಗೆಯ ಮೇಲೆ ಕುಂಚದಿಂದ ತೆಳುವಾಗಿ ಬಳಿಯಿರಿ. ಗಾಳಿಯಾಡುವ ಕಡೆ, ಬೆಂಕಿಯಿಂದ ದೂರವಿದ್ದು ಈ ಕೆಲಸ ಮಾಡಿ, ಒಂದು ದಿನ ಒಣಗಲು ಬಿಡಿ.

ಆರು ಮೂಲೆಗಳಿಗೂ ಅದೇ ಬಟ್ಟೆಯ ಇಮ್ಮಡಿ ತೇಪೆ ಕೊಟ್ಟು ಗಟ್ಟಿ ಪಟ್ಟಿಯ ಕುಣಿಕೆ ಹೊಲಿಯಿರಿ. ಒಂದೇ ಸಾಲಿನಲ್ಲಿ ಹಿಂದೆ ಮುಂದೆ ಹೊಲಿದರೆ ಆ ತೂತುಗಳ ಸಾಲಿನಲ್ಲೇ ಬಟ್ಟೆ ಹರಿಯುತ್ತದೆ. ಚೌಕವಾಗಿ ಹೊಲಿದು ಒಳಗೆ ಓರೆ ಗೆರೆ ಹಾಕಿದರೆ ಎಳೆತ ಹಂಚಿಹೋಗುತ್ತದೆ. ಬಟ್ಟೆ ದುಬಾರಿಯಾದ್ದರಿಂದ ಮೊದಲ ಟಾರ್ಪಾಲನ್ನು ಅಗ್ಗದ ಕೊಡೆ ಬಟ್ಟೆಯಲ್ಲಿ ಹೊಲಿದು ಕೈ ಪಳಗಿಸಿಕೊಳ್ಳಿ. ಅದಕ್ಕೆ ಬಹುಮಟ್ಟಿಗೆ ಪಾಲಿಯುರೆಥೇನ್ ಲೇಪವಿರುವುದರಿಂದ ಅದಕ್ಕೆ ಹೊಂದುವ ಅಂಟೇ ಬೇಕು. ಲೇಪ ಯಾವುದೆಂಬ ಅನುಮಾನವಿದ್ದರೆ ಸೆಲ್ಲೋಟೇಪ್ ಹಚ್ಚಿ ನೋಡಿ. ಸಿಲಿಕೋನ್ ಆದರೆ ಟೇಪು ಹಿಡಿಯದೆ ಸಲೀಸಾಗಿ ಕಳಚಿ ಬರುತ್ತದೆ.

ಪ್ರಶ್ನೆ: ಟಾರ್ಪಾಲು ಎಲ್ಲಿಯೂ ಸೋರುವುದಿಲ್ಲ. ಆದರೂ ಬೆಳಗಾಗುವಾಗ ಜೋಲಿಯ ತಲೆಭಾಗ ಒದ್ದೆಯಾಗಿರುತ್ತದೆ. ಕಾರಣವೇನು?
– ಓದುಗರೊಬ್ಬರು, ಸುಳ್ಯ

ಉತ್ತರ: ಮರದ ಕಾಂಡದ ಮೇಲಿಂದ ಇಳಿಯುವ ನೀರು ಜೋಲಿ ಕಟ್ಟಿದ ಪಟ್ಟಿಯನ್ನು ಹಿಡಿದು ಟಾರ್ಪಾಲಿನ ಅಡಿಗೇ ಬಂದು ಸೇರುತ್ತಿದೆ. ಟಾರ್ಪಾಲಿನ ಮರೆಯೊಳಗೆ, ಜೋಲಿಗಿಂತ ಸ್ವಲ್ಪ ಮೊದಲು, ಪಟ್ಟಿಗೆ ಹತ್ತಿಯ ಹುರಿಯೊಂದನ್ನು ಬಿಗಿದು ಗೇಣುದ್ದ ಕೆಳಕ್ಕೆ ಇಳಿಬಿಡಿ. ನೀರು ಅಲ್ಲಿಗೆ ಬಂದು ಹುರಿಯ ಗುಂಟ ನೆಲಕ್ಕೆ ಇಳಿಯುತ್ತದೆ. ಮಳೆ ಬರುವಾಗ ಹುರಿಯ ಆಚೆ ಈಚೆ ಪಟ್ಟಿಯನ್ನು ಮುಟ್ಟಿ ನೋಡಿದರೆ ವ್ಯತ್ಯಾಸ ಬೆರಳಿಗೇ ತಿಳಿಯುತ್ತದೆ.

ಪ್ರಶ್ನೆ: ತೋಟದ ಅಡಿಕೆ ಮರಗಳಿಗೇ ಜೋಲಿ ಕಟ್ಟಬಹುದೇ?
– ಓದುಗರೊಬ್ಬರು, ತೀರ್ಥಹಳ್ಳಿ

ಉತ್ತರ: ದಯವಿಟ್ಟು ಬೇಡ. ತೆಳ್ಳನೆಯ ಕಾಂಡ ನಿಮ್ಮ ಭಾರಕ್ಕೆ ಬಾಗುತ್ತದೆ, ಜೊತೆಗೆ ಒಣಗಿದ ಸೋಗೆ ಹಾಳೆಯ ಸಮೇತ ಮೇಲಿಂದ ಬೀಳುತ್ತದೆ. 400 ಗ್ರಾಂನ ಟಾರ್ಪಾಲು ಮಳೆಯನ್ನು ತಡೆದೀತೇ ಹೊರತು ಸೋಗೆಯನ್ನಲ್ಲ. ಒಣ ಕೊಂಬೆಗಳಿಲ್ಲದ ದಪ್ಪ ಹಲಸಿನ ಮರವನ್ನು ಆರಿಸಿಕೊಳ್ಳಿ. ಗುಡುಗು ಕೇಳಿಸಿದ ಕೂಡಲೇ ಜೋಲಿ ಬಿಟ್ಟು ಮನೆಯೊಳಗೆ ಸೇರಿ.