ಅಲ್ಸರೇಟಿವ್ ಕೊಲೈಟಿಸ್‌ಗೆ ಮಾವಿನ ಸಿಪ್ಪೆ ಪುಡಿ ಕೊಡಬಹುದೇ?

ಮಾವಿನ ಸಿಪ್ಪೆ ಕರುಳಿನ ಉರಿಯೂತಕ್ಕೆ ಒಳ್ಳೆಯದು ಎಂಬ ವಾಟ್ಸಾಪ್ ಮೆಸೇಜು ನೋಡಿ, ಹಾನಗಲ್ ಕಡೆಯ ಪಲ್ಪ್ ಫ್ಯಾಕ್ಟರಿಯಿಂದ ಮಾವಿನ ಸಿಪ್ಪೆ ತಂದು, ಒಣಗಿಸಿ ಪುಡಿ ಮಾಡಿ, ಕೊಲೈಟಿಸ್ (ದೊಡ್ಡಕರುಳಿನ ಒಳಪದರ ಉರಿಯೂತದಿಂದ ಹುಣ್ಣಾಗುವ ಕಾಯಿಲೆ) ಇರುವ ನಿಮ್ಮ ತಾಯಿಗೆ ಕೊಡಬಹುದೇ ಎಂದು ಕೇಳಿದ್ದೀರಿ. ಫ್ಯಾಕ್ಟರಿ ಸಿಪ್ಪೆ ಬೇಡವೇ ಬೇಡ. ನಾನು ಡಾಕ್ಟರ್ ಅಲ್ಲ. ಇದೇ ಕಾಯಿಲೆ ಒಂಬತ್ತು ವರ್ಷದಿಂದ ನನಗೂ ಇದೆ; ಅದಕ್ಕೂ ಮೊದಲು ಎರಡು ಸೀಸನ್ ಅಂಥದೇ ಒಂದು ಘಟಕದಲ್ಲಿ ಲೆಕ್ಕ ಬರೆದವನು.

ತಿರುಳು ಬೇರ್ಪಡಿಸುವ ಪಲ್ಪರ್‌ನ ಒಂದು ಬಾಯಿಂದ ರಸ ಬಂದರೆ ಇನ್ನೊಂದು ಬಾಯಿಂದ ಸಿಪ್ಪೆ, ನಾರು ಮುದ್ದೆಮುದ್ದೆಯಾಗಿ ಬೀಳುತ್ತವೆ. ಮೇ ತಿಂಗಳ ಬಿಸಿಲು. ಟ್ರೇಲರ್ ತುಂಬುವಷ್ಟರಲ್ಲಿ ತಳದಲ್ಲಿ ನೊರೆ ಎದ್ದು ಹುಳಿನಾತ ಬರುತ್ತಿರುತ್ತದೆ, ಮೇಲೆಲ್ಲ ನೊಣ. ಸಂಶೋಧಕರು ಬಳಸುವುದು ತೊಳೆದು, ಹದವಾದ ಶಾಖದಲ್ಲಿ ಒಣಗಿಸಿದ್ದನ್ನು. ಎರಡಕ್ಕೂ ಹೆಸರು ಸಿಪ್ಪೆ, ಅಷ್ಟೇ.

ಹಾಗಂತ ನಿಮಗೆ ಬಂದ ವಾಟ್ಸಾಪ್ ಮೆಸೇಜು ಪೂರ್ತಿ ಸುಳ್ಳಲ್ಲ. ಸಿಪ್ಪೆಯಲ್ಲಿ ಪೆಕ್ಟಿನ್ ಎಂಬ ಕರಗುವ ನಾರಿದೆ. ಜಾಮ್ ಗಟ್ಟಿಯಾಗಲು ಹಾಕುವುದು ಅದನ್ನೇ. ಜ್ಯೂಸ್ ತೆಗೆದ ಮೇಲೆ ಉಳಿದ ಸೇಬಿನ ಹಿಂಡಿ, ಕಿತ್ತಳೆ-ನಿಂಬೆ ಸಿಪ್ಪೆಗಳಿಂದ ಅದನ್ನು ತೆಗೆಯುತ್ತಾರೆ. ದೊಡ್ಡಕರುಳಿನ ಬ್ಯಾಕ್ಟೀರಿಯಾ ಈ ನಾರನ್ನು ಹುದುಗಿಸಿದಾಗ ಬ್ಯುಟಿರೇಟ್ ಹುಟ್ಟುತ್ತದೆ. ಕರುಳಿನ ಒಳಪದರದ ಜೀವಕೋಶಗಳಿಗೆ ಅದೇ ಮುಖ್ಯ ಊಟ. ಮಾವಿನಲ್ಲಿ ಉರಿಯೂತ ತಗ್ಗಿಸಬಲ್ಲದು ಎನ್ನುವ ಮ್ಯಾಂಜಿಫೆರಿನ್ ಎಂಬ ಸಸ್ಯವಸ್ತು ಬೇರೆ ಇದೆ.

ಆದರೆ ಉರಿಯೂತ ಇಳಿಯಿತು ಎನ್ನುವ ಫಲಿತಾಂಶ ಬಹುಪಾಲು ಇಲಿಗಳದ್ದು. ನೀರಿನಲ್ಲಿ ಡಿಎಸ್‌ಎಸ್ ಎಂಬ ರಾಸಾಯನಿಕ ಕುಡಿಸಿ ಇಲಿಗೆ ವಾರದಲ್ಲಿ ಕೊಲೈಟಿಸ್ ಬರಿಸುತ್ತಾರೆ. ನಮ್ಮದು ವರ್ಷಗಟ್ಟಲೆ ಬೀಡುಬಿಟ್ಟ ಕಾಯಿಲೆ. ಮನುಷ್ಯರ ಮೇಲೆ ನಡೆದ ಒಂದು ಪ್ರಯೋಗ 2020ರಲ್ಲಿ ಪ್ರಕಟವಾಯಿತು, ಅಮೆರಿಕದ ಟೆಕ್ಸಾಸ್ ಎ ಅಂಡ್ ಎಂ ವಿಶ್ವವಿದ್ಯಾಲಯದ್ದು. ದಿನಕ್ಕೆ 200ರಿಂದ 400 ಗ್ರಾಂ ಮಾವು, 8 ವಾರ, ಮಾತ್ರೆಗಳ ಜೊತೆಗೇ. ಉರಿಯೂತದ ಕೆಲವು ಸೂಚಕಗಳು ಇಳಿದವು. ಆದರೆ ತಿಂದವರು ಬೆರಳೆಣಿಕೆಯ ಜನ, ತಿಂದದ್ದು ತಿರುಳು, ಸಿಪ್ಪೆಯಲ್ಲ.

ನನ್ನ ಹುಚ್ಚಾಟವನ್ನೂ ಹೇಳಿಬಿಡುತ್ತೇನೆ. 2019ರಲ್ಲಿ ಮನೆಯ ಆಪೂಸಿನ ಸಿಪ್ಪೆಯನ್ನೇ ತೊಳೆದು, ಮಾಳಿಗೆ ಮೇಲೆ ಒಣಗಿಸಿ, ಮಿಕ್ಸಿಗೆ ಹಾಕಿ, ಮಜ್ಜಿಗೆಯಲ್ಲಿ ದಿನಾ ಎರಡು ಚಮಚ ಕುಡಿದೆ. "ದನಕ್ಕ ಹಾಕೋ ಸಿಪ್ಪಿ ನೀ ಯಾಕ ತಿಂತಿ?" ಅಂದಳು ಅವ್ವ. ಕಾಯಿಲೆ ಆಗಲೇ ಕೆರಳಿತ್ತು, ದಿನಕ್ಕೆ ಆರು ಸಲ ಓಡುತ್ತಿದ್ದೆ. ನಾಲ್ಕನೇ ದಿನಕ್ಕೆ ಅದು ಹನ್ನೆರಡಾಯಿತು, ತುಟಿ ಸುತ್ತ ತುರಿಕೆ ಬೇರೆ. ತುರಿಕೆ ಸಿಪ್ಪೆಯದೇ ಇರಬೇಕು. ಮಾವು ಗೇರಿನ ಕುಟುಂಬದ್ದು, ಅದರ ಸೊನೆ ಎಲ್ಲರಿಗೂ ಆಗಿಬರುವುದಿಲ್ಲ. ಭೇದಿ ಪುಡಿಯಿಂದ ಹೆಚ್ಚಿತೋ, ಪುಡಿ ನಂಬಿ, ಕರುಳಿನ ಉರಿಯೂತ ತಗ್ಗಿಸುವ ಮೆಸಲಮೈನ್ ಮಾತ್ರೆ ಬಿಟ್ಟಿದ್ದರಿಂದಲೋ ಇವತ್ತಿಗೂ ಹೇಳಲಾರೆ. ಡಾಕ್ಟರ್ ಬೈದದ್ದಂತೂ ಮಾತ್ರೆ ಬಿಟ್ಟಿದ್ದಕ್ಕೆ.

ಈಗ ಹೊಟ್ಟೆ ತಣ್ಣಗಿರುವ ದಿನಗಳಲ್ಲಿ ಸೋಸಿದ ಸೀಕರಣಿ ಅರ್ಧ ವಾಟಿ, ಬೀಜ ತೆಗೆದ ಪೇರಲ, ಸಿಪ್ಪೆ ತೆಗೆದು ಬೇಯಿಸಿದ ಸೇಬು. ಅಷ್ಟು ಪೆಕ್ಟಿನ್ ನನಗೆ ಸಾಕು. ಕ್ರೋನ್ಸ್ ಎಂಬ ಇನ್ನೊಂದು ಕರುಳಿನ ಉರಿಯೂತದ ಕಾಯಿಲೆ ಇದ್ದು ಕರುಳು ಕಿರಿದಾಗಿರುವವರಿಗೆ ಸಿಪ್ಪೆ, ನಾರು ಸಿಕ್ಕಿಹಾಕಿಕೊಳ್ಳುವ ಅಪಾಯವಿದೆ, ಅವರ ಲೆಕ್ಕವೇ ಬೇರೆ.

ನಿಮ್ಮ ತಾಯಿಗೆ ಈಗ ಮಲದಲ್ಲಿ ರಕ್ತ ಬೀಳುತ್ತಿದೆಯೇ, ಯಾವ ಮಾತ್ರೆ ನಡೆದಿದೆ ಎಂದು ನೀವು ಬರೆದಿಲ್ಲ. ರಕ್ತ ಇದ್ದರೆ ಪುಡಿಯ ಮಾತು ಬಿಟ್ಟು ನಾಳೆಯೇ ಡಾಕ್ಟರಿಗೆ ತೋರಿಸಿ.